ಬಾಕಿ ಮತ್ತು ಜಮಾಬಂದಿ: ಚಿಕ್ಕಬಳ್ಳಾಪುರ ಸೀಮೆಯಲ್ಲಿ ಸರ್ಕಾರಿ ವಸೂಲಿಯ ಚರಿತ್ರೆಗೊಂದು ಪ್ರವೇಶ

ಕರ್ನಾಟಕದ ಕಂದಾಯ ಚರಿತ್ರೆಯನ್ನು ಕುರಿತ ಬರಹಗಳು ಬಹುಮಟ್ಟಿಗೆ ನಿಗದಿಯ ಚರಿತ್ರೆಗಳಾಗಿವೆ. ಯಾವ ಅರಸನ ಕಾಲದಲ್ಲಿ ಬೆಳೆಯ ಎಷ್ಟನೆಯ ಪಾಲು, ಯಾವ ಬಂದೋಬಸ್ತಿನಲ್ಲಿ ಎಕರೆಗೆ ಎಷ್ಟು ದರ ಎಂಬ ಪ್ರಶ್ನೆಗಳಿಗೆ ದೊರೆತಿರುವ ಗಮನ ವಸೂಲಿಯ ಕ್ರಮಕ್ಕೆ ದೊರೆತಿಲ್ಲ. ರೈತನ ಅನುಭವದಲ್ಲಾದರೋ ಸರ್ಕಾರವೆಂಬುದು ಮನೆಯ ಬಾಗಿಲಿಗೆ ಬರುತ್ತಿದ್ದುದೇ ವಸೂಲಿಯ ರೂಪದಲ್ಲಿ. ದರವನ್ನು ಅವನು ಕೇಳಿ ತಿಳಿಯುತ್ತಿದ್ದನು. ಬಾಕಿಯನ್ನು ಅನುಭವಿಸಿ ತಿಳಿಯುತ್ತಿದ್ದನು.

ಈ ವಿಷಯವನ್ನು ಈಗ ಕೈಗೆತ್ತಿಕೊಳ್ಳಲು ಸಮಕಾಲೀನವಾದ ಕಾರಣವೂ ಉಂಟು. 2018ರ ಬೆಳೆಸಾಲ ಮನ್ನಾ, 2024ರ ಬರ ಪರಿಹಾರ, ಅದೇ ವರ್ಷದ ಪಡಿತರ ಚೀಟಿಗಳ ರದ್ದತಿ - ಈ ಮೂರೂ ಸಂದರ್ಭಗಳಲ್ಲಿ ಯಾರು ಅರ್ಹರು, ಯಾರು ಅನರ್ಹರು, ಯಾರಿಂದ ಎಷ್ಟು ಹಿಂದಕ್ಕೆ ಬರಬೇಕು ಎಂಬುದನ್ನು ಬಹುಪಾಲು ಗಣಕಯಂತ್ರದ ದತ್ತಾಂಶ ತಾಳೆ ನಿರ್ಧರಿಸಿತು. ಪತ್ರಿಕೆಗಳಲ್ಲಿಯೂ ವಿಧಾನಮಂಡಲದಲ್ಲಿಯೂ ನಡೆದ ಚರ್ಚೆ ಇದನ್ನು ಕೇವಲ ಹೊಸ ತಂತ್ರಜ್ಞಾನದ ಸಮಸ್ಯೆಯೆಂಬಂತೆ ಕಂಡಿತು. ಆದರೆ ದಾಖಲೆಯೇ ಮಾತನಾಡಿ ಮನುಷ್ಯನು ಮೌನವಾಗಿರಬೇಕಾದ ವಸೂಲಿಯ ಪ್ರಶ್ನೆ ಮೈಸೂರು ಸೀಮೆಗೆ ಹೊಸತಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಆ ಪ್ರಶ್ನೆಯ ಹಿಂದಿನ ಎಳೆಗಳನ್ನು ಗುರುತಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ನೆಲದ ಸ್ವರೂಪ

ಈ ನಾಲ್ಕು ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಯಲ್ಲಿದ್ದು, ಆ ವರ್ಷ ಬಾಗೇಪಲ್ಲಿ ಮತ್ತು ಗುಡಿಬಂಡೆಗಳೊಡನೆ ಸೇರಿ ಚಿಕ್ಕಬಳ್ಳಾಪುರ ಜಿಲ್ಲೆಯಾದವು. ಅದಕ್ಕೂ ಹಿಂದೆ, ಕಮಿಷನರರ ಆಳ್ವಿಕೆಯ ಕಾಲದಲ್ಲಿ, ಬೆಂಗಳೂರು ಮತ್ತು ತುಮಕೂರು ಜಿಲ್ಲೆಗಳೊಡನೆ ಕೋಲಾರವೂ ನಂದಿದುರ್ಗ ವಿಭಾಗಕ್ಕೆ ಸೇರಿತ್ತು. ನಂದಿಯ ಬೆಟ್ಟಸಾಲು ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ ಮೊದಲಾದ ನದಿಗಳ ತವರು. ಆದರೂ ಈ ನೆಲದಲ್ಲಿ ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲ. ಹುಟ್ಟಿದ ನೀರು ಹೊರಗಿನ ಸೀಮೆಗಳಿಗೆ ಸೇರಿದ್ದು. ಇಲ್ಲಿಯವರ ಪಾಲಿಗೆ ಉಳಿದದ್ದು ಕೆರೆ. ವಾರ್ಷಿಕ ಮಳೆ ಸುಮಾರು 700 ಮಿಲಿಮೀಟರ್ ಎಂದು ಪುಸ್ತಕಗಳು ಹೇಳುತ್ತವೆ. ಇದು ಸರಾಸರಿ. ಸರಾಸರಿ ಮಳೆ ಸುರಿದ ವರ್ಷ ಯಾವುದು ಎಂದು ಇಲ್ಲಿಯ ಹಿರಿಯ ಬೇಸಾಯಗಾರರನ್ನು ಕೇಳಿದರೆ ಅವರು ನಗುತ್ತಾರೆ. ಒಂದು ವರ್ಷ ಕೋಡಿ ಹರಿಯುತ್ತದೆ, ಮೂರು ವರ್ಷ ಕೆರೆಯಂಗಳದಲ್ಲಿ ದನ ಮೇಯುತ್ತವೆ. ಈ ‘ಸರಾಸರಿ’ ಎಂಬ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಭಾಷೆಯ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಪೇಟೆಯ ರೇಷ್ಮೆ ವ್ಯವಹಾರದಲ್ಲಿ ದಖನಿ ಉರ್ದು - ಹೀಗೆ ಮೂರು ನುಡಿಗಳು ಬೆರೆತ ಪ್ರದೇಶವಿದು. ಮೂರರಲ್ಲಿಯೂ ಅರ್ಥ ಬದಲಾಗದೆ ಉಳಿದಿರುವ ಕೆಲವೇ ಶಬ್ದಗಳ ಪೈಕಿ ಬಾಕಿ, ವಸೂಲಿ, ಜಪ್ತಿ ಸೇರಿವೆ. ಅಹವಾಲು ಮತ್ತು ಫೈಸಲು ಎಂಬ ಮಾತುಗಳೂ ಅದೇ ಪಾರಸಿ-ಅರಬ್ಬಿ ಮೂಲದ ಕಚೇರಿಯ ನುಡಿಗೆ ಸೇರಿದವು ಎಂಬುದು ಗಮನಾರ್ಹ. ವಸೂಲಿಯ ಪದಕೋಶದಲ್ಲಿಯೇ ಕೇಳಿಸಿಕೊಳ್ಳುವ ಪದಗಳೂ ಇದ್ದವು.

ಷರತ್ತಿನಿಂದ ಸರ್ವೆಗೆ

ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಮೊದಲ ಘಟ್ಟದಲ್ಲಿ ‘ಷರತ್ತು’ ಎಂಬ ಪದ್ಧತಿ ಜಾರಿಯಲ್ಲಿತ್ತು. ಅಮಲ್ದಾರನು ತನ್ನ ತಾಲ್ಲೂಕಿನಿಂದ ಇಂತಿಷ್ಟು ಹಣವನ್ನು ತಂದೊಪ್ಪಿಸುವುದಾಗಿ ಸರ್ಕಾರಕ್ಕೆ ಮುಚ್ಚಳಿಕೆ ಬರೆದುಕೊಡುತ್ತಿದ್ದನು. ವಸೂಲಿ ಅದಕ್ಕಿಂತ ಕಡಿಮೆಯಾದರೆ ಕೊರತೆಯನ್ನು ಅವನೇ ತುಂಬಬೇಕು. ಮಳೆ ಬಂದಿತೇ, ಬೆಳೆ ಆಯಿತೇ ಎಂಬುದು ಆ ಒಪ್ಪಂದದ ಹೊರಗಿನ ಮಾತು. ಇದರ ಪರಿಣಾಮವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. 1830-31ರ ನಗರದ ದಂಗೆಯ ಕಾರಣಗಳನ್ನು ವಿಚಾರಿಸಿದ ಸಮಿತಿ 1833ರಲ್ಲಿ ಸಲ್ಲಿಸಿದ ವರದಿಯಲ್ಲಿ ಈ ಪದ್ಧತಿಯ ಕೆಡುಕು ದಾಖಲಾಗಿದೆ. ವಸೂಲಿಯ ಮೊತ್ತವನ್ನು ಮೊದಲೇ ನಿಗದಿಪಡಿಸಿ, ವಸೂಲಿದಾರನ ಕಿವಿಯನ್ನು ಮುಚ್ಚಿಬಿಡುವ ಪ್ರಯೋಗ ರಾಜ್ಯಾಧಿಕಾರವನ್ನೇ ಕಳೆದ ಮೊದಲ ಪ್ರಸಂಗವದು.

1863ರಲ್ಲಿ ಬೌರಿಂಗ್ ಕಮಿಷನರಾಗಿದ್ದಾಗ ಮುಂಬಯಿ ಪದ್ಧತಿಯ ಕಂದಾಯ ಸರ್ವೆ ಮೈಸೂರಿನಲ್ಲಿ ಆರಂಭವಾಯಿತು. ಹಿಂದಿನ ವಾರ, ಬಟಾಯಿ ಮೊದಲಾದ ಪಾಲಿನ ಕ್ರಮಗಳಲ್ಲಿ ಬೆಳೆ ಕುಗ್ಗಿದರೆ ಸರ್ಕಾರದ ಪಾಲೂ ತಾನಾಗಿಯೇ ಕುಗ್ಗುತ್ತಿತ್ತು. ಹೊಸ ಪದ್ಧತಿಯಲ್ಲಿ ಹೊಲದ ಮಣ್ಣು, ನೀರಿನ ಅನುಕೂಲ, ಪೇಟೆಯ ದೂರ ಇವುಗಳನ್ನು ಅಳೆದು ದೀರ್ಘಕಾಲಕ್ಕೆ ಒಂದೇ ನಗದು ದರವನ್ನು ಗೊತ್ತುಪಡಿಸಲಾಯಿತು. ಒಳ್ಳೆಯ ವರ್ಷದ ಉಳಿತಾಯ ಕೆಟ್ಟ ವರ್ಷದ ನಷ್ಟವನ್ನು ತುಂಬುತ್ತದೆಂಬುದು ಇದರ ಆಧಾರ ತತ್ತ್ವ. ಅಂದರೆ ಸರಾಸರಿ ಬೆಳೆಯ ಮೇಲೆ ಕಂದಾಯ. ಈ ಪದ್ಧತಿಯಿಂದ ಆದ ಅನುಕೂಲಗಳನ್ನು ಅಲ್ಲಗಳೆಯಲಾಗದು. ತನ್ನ ಹಿಡುವಳಿ ಎಷ್ಟು, ತಾನು ಕೊಡಬೇಕಾದುದೆಷ್ಟು ಎಂಬುದು ರೈತನಿಗೆ ಸ್ಪಷ್ಟವಾಗಿ ತಿಳಿಯಿತು. ಬೇಡವಾದ ಹೊಲಕ್ಕೆ ರಾಜೀನಾಮೆ ಕೊಡುವ ಸ್ವಾತಂತ್ರ್ಯವೂ ದೊರೆಯಿತು. ಆದರೆ ಸರಾಸರಿಯ ತತ್ತ್ವ ನಿಲ್ಲುವುದು ಒಳ್ಳೆಯ ವರ್ಷದ ಉಳಿತಾಯವನ್ನು ಮುಂದಕ್ಕೆ ಸಾಗಿಸಬಲ್ಲ ಕುಟುಂಬದಲ್ಲಿ ಮಾತ್ರ. ರಾಗಿ ಹುರುಳಿಗಳ ಈ ಹೊಲಗಳಲ್ಲಿ ಒಳ್ಳೆಯ ವರ್ಷದ ಉಳಿತಾಯ ಹೋಗುತ್ತಿದ್ದುದು ಹಿಂದಿನ ಕೆಟ್ಟ ವರ್ಷದ ಸಾಲಕ್ಕೆ.

ಇದಾಗಿ ಹದಿಮೂರು ವರ್ಷಗಳಲ್ಲಿ, 1876-78ರಲ್ಲಿ, ಧಾತು-ಈಶ್ವರ ಸಂವತ್ಸರಗಳ ಮಹಾಕ್ಷಾಮ ಬಂದಿತು. ಇಲ್ಲಿಯ ತೆಲುಗು ಮಾತಿನಲ್ಲಿ ಅದು ‘ದಾತ ಕರುವು’. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50,55,412 ಇದ್ದುದು 1881ರ ಗಣತಿಯಲ್ಲಿ 41,86,188ಕ್ಕೆ ಇಳಿದಿತ್ತು. ಅತಿ ಹೆಚ್ಚು ಸಂಕಟಕ್ಕೆ ಈಡಾದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಸರಾಸರಿಯೆಂಬ ಲೆಕ್ಕ ಇಷ್ಟು ಭೀಕರವಾಗಿ ಕುಸಿದದ್ದು ಇನ್ನೊಂದಿಲ್ಲ.

ಕ್ಷಾಮದ ಸಾಲ ರೈತನದಷ್ಟೇ ಆಗಿರಲಿಲ್ಲ. 1881ರಲ್ಲಿ ಸಂಸ್ಥಾನವನ್ನು ಚಾಮರಾಜ ಒಡೆಯರಿಗೆ ಹಿಂದಿರುಗಿಸಿದಾಗ ಮೈಸೂರು ಸರ್ಕಾರವು ಭಾರತ ಸರ್ಕಾರಕ್ಕೆ 80 ಲಕ್ಷ ರೂಪಾಯಿಗಳ ಸಾಲಗಾರನಾಗಿತ್ತು. ವಾರ್ಷಿಕ ಪೊಗದಿಯನ್ನು 24.5 ಲಕ್ಷದಿಂದ 35 ಲಕ್ಷಕ್ಕೆ ಏರಿಸಬೇಕೆಂಬ ಷರತ್ತು ಹಸ್ತಾಂತರ ಪತ್ರದಲ್ಲಿತ್ತು. ಆದರೆ ಸಂಸ್ಥಾನದ ಹಣಕಾಸಿನ ಸ್ಥಿತಿಯನ್ನು ಮನಗಂಡು ಆ ಏರಿಕೆಯನ್ನು ಮೊದಲು ಐದು ವರ್ಷ, ಅನಂತರ ಇನ್ನೂ ಹತ್ತು ವರ್ಷ ಮುಂದೂಡಲಾಯಿತು. ದೊಡ್ಡ ಸಾಲಗಾರನು ತನ್ನ ಸಂಕಷ್ಟವನ್ನು ಹೇಳಿಕೊಂಡನು, ಸಾಲ ಕೊಟ್ಟವನು ಕೇಳಿಸಿಕೊಂಡನು, ವಾಯಿದೆ ಬೆಳೆಯಿತು. ಇದನ್ನು ಯಾರೂ ಶಿಸ್ತುಭಂಗವೆಂದು ಕರೆಯಲಿಲ್ಲ. ರೈತರ ಬಾಕಿಯನ್ನು ಮುಂದೂಡಿದಾಗಲೆಲ್ಲ ಸಾಲದ ಶಿಸ್ತು ಕೆಡುತ್ತದೆಂದು ಆಕ್ಷೇಪಿಸುವವರು ಈ ಹದಿನೈದು ವರ್ಷಗಳ ಪತ್ರವ್ಯವಹಾರವನ್ನು ಗಮನಿಸುವುದು ಉಪಯುಕ್ತ.

ಕೇಳಿಸಿಕೊಳ್ಳುವ ಏರ್ಪಾಡು

ಸರಾಸರಿಯ ಕಂದಾಯವನ್ನು ಸಹ್ಯವಾಗಿಸಿದ್ದು ಎರಡು ಏರ್ಪಾಡುಗಳು. ಮೊದಲನೆಯದು ವಾರ್ಷಿಕ ಜಮಾಬಂದಿ. ಮೇಲಧಿಕಾರಿ ಮೊಕ್ಕಾಂ ಮಾಡುತ್ತಿದ್ದನು. ಶಾನುಭೋಗರು ಕಿರ್ದಿ ಖತಾವಣಿಗಳ ಗಂಟನ್ನು ಹೊತ್ತು ತರುತ್ತಿದ್ದರು. ಗ್ರಾಮವಾರು ಲೆಕ್ಕವನ್ನು ಗಟ್ಟಿಯಾಗಿ ಓದಿ, ಬೀಳು ಬಿದ್ದ ಭೂಮಿ, ಒಡೆದ ಕೆರೆ, ಸತ್ತವರ ಖಾತೆ, ತಪ್ಪು ನಮೂದು, ಇವನ್ನು ಕುರಿತ ತಕರಾರುಗಳನ್ನು ಕೇಳಿ ಆ ವರ್ಷದ ಜಮೆಯನ್ನು ಫೈಸಲು ಮಾಡಲಾಗುತ್ತಿತ್ತು. ಬೆಳೆ ಎಷ್ಟು ಆಣೆ ಬಂದಿದೆಯೆಂದು ಹೊಲ ನೋಡಿ ಅಂದಾಜು ಮಾಡುವ ಆಣೆವಾರಿ ಕ್ರಮವೂ ಈ ಬಗೆಯದೇ. ಎರಡನೆಯದು ರೈತನ ಕೈಯಲ್ಲಿರುತ್ತಿದ್ದ ಪಟ್ಟೆ ಪುಸ್ತಕ. ಕಟ್ಟಿದ ಹಣವನ್ನು ಶಾನುಭೋಗನು ತನ್ನ ಲೆಕ್ಕದಲ್ಲಿಯೂ ರೈತನ ಪುಸ್ತಕದಲ್ಲಿಯೂ ಬರೆದು ರುಜು ಹಾಕಬೇಕಾಗಿತ್ತು. ಹೀಗಾಗಿ ಬಾಕಿಯ ದಾಖಲೆಗೆ ಎರಡು ಪ್ರತಿಗಳಿದ್ದು, ಒಂದು ಸಾಲಗಾರನ ವಶದಲ್ಲಿಯೇ ಇರುತ್ತಿತ್ತು. ಓದಲು ಬಾರದವನೂ ಅದನ್ನು ತೋರಿಸಿ ವಾದಿಸಬಹುದಾಗಿತ್ತು.

ಈ ವ್ಯವಸ್ಥೆಯನ್ನು ಹೊಗಳಿ ಹಾಡುವ ಇಚ್ಛೆ ನನಗಿಲ್ಲ. ಶಾನುಭೋಗನ ಲೇಖನಿ ಯಾರ ಪರ ಓಡುತ್ತಿತ್ತು, ಮಾಮೂಲು ಎಷ್ಟಿತ್ತು, ಜಮಾಬಂದಿಯ ಜಗಲಿಗೆ ಯಾವ ಕೇರಿಯವರು ಬರಬಹುದಾಗಿತ್ತು, ಯಾರು ದೂರದಲ್ಲಿಯೇ ನಿಲ್ಲಬೇಕಾಗಿತ್ತು ಎಂಬುದು ಈ ಸೀಮೆಯ ಯಾವ ಊರಿನಲ್ಲಿ ವಿಚಾರಿಸಿದರೂ ತಿಳಿಯುವ ಸಂಗತಿ. ಹೆಣ್ಣುಮಕ್ಕಳ ಹೆಸರಿನ ಖಾತೆಗಳ ವಿಚಾರವನ್ನು ಅವರ ಪರವಾಗಿ ಗಂಡಸರೇ ಮಾತನಾಡುತ್ತಿದ್ದರು. ಆದರೂ ಬಾಕಿಯೆಂಬುದು ಕೇಳಿದ ನಂತರ ನಿಶ್ಚಯವಾಗಬೇಕಾದ ವಿಷಯವೆಂಬ ತತ್ತ್ವವನ್ನು ಅದು ಒಪ್ಪಿಕೊಂಡಿತ್ತು. ಆಚರಣೆಯಲ್ಲಿ ಎಷ್ಟೇ ಕೆಟ್ಟಿದ್ದರೂ ಆ ತತ್ತ್ವ ಅಲ್ಪವಾದುದಲ್ಲ.

ಇದೇ ತತ್ತ್ವ ಸಂಸ್ಥಾನದ ಮಟ್ಟದಲ್ಲಿ ಕಾಣಿಸಿಕೊಂಡದ್ದು 1881ರ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ನಡೆಸಿದ ಪ್ರಜಾಪ್ರತಿನಿಧಿ ಸಭೆಯಲ್ಲಿ. ಮೊದಲ ಅಧಿವೇಶನಕ್ಕೆ ಬಂದ 144 ಮಂದಿಯಲ್ಲಿ ತಾಲ್ಲೂಕುಗಳ ಹಿಡುವಳಿದಾರರೂ ವರ್ತಕರೂ ಇದ್ದರು. ಆ ಸಭೆಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ; ಸರ್ಕಾರದ ಲೆಕ್ಕವನ್ನು ಕೇಳುವುದು, ತಮ್ಮ ಸೀಮೆಯ ಕಷ್ಟವನ್ನು ಹೇಳುವುದು, ಇಷ್ಟೇ ಅದರ ಕಾರ್ಯ. ಅದನ್ನು ದಸರೆಯ ದೊಡ್ಡ ಜಮಾಬಂದಿಯೆಂದು ಕರೆದರೆ ತಪ್ಪಾಗಲಾರದು. 1949ರಲ್ಲಿ ಅದು ಕೊನೆಗೊಂಡಿತು.

ಇನ್ನು ಬಲವಂತದ ವಸೂಲಿ. 1888ರ ಮೈಸೂರು ಭೂಕಂದಾಯ ಸಂಹಿತೆಯಲ್ಲಿಯೂ ಅದರ ಸ್ಥಾನದಲ್ಲಿ ಬಂದ 1964ರ ಕರ್ನಾಟಕ ಭೂಕಂದಾಯ ಅಧಿನಿಯಮದಲ್ಲಿಯೂ ತಗಾದೆ ನೋಟೀಸು, ಚರಸ್ವತ್ತಿನ ಜಪ್ತಿ, ಜಮೀನಿನ ಹರಾಜು ಎಂಬ ಮೆಟ್ಟಿಲುಗಳಿವೆ. ಒಂದೊಂದು ಮೆಟ್ಟಿಲಿಗೂ ಕಾಲಾವಕಾಶ ಬೇಕು. ಆ ಅವಕಾಶದಲ್ಲಿ ರೈತನು ತಾಲ್ಲೂಕು ಕಚೇರಿಗೆ ನಡೆದು ಹೋಗಬಹುದಾಗಿತ್ತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಪ್ರಕರಣವು ಬೇಸಾಯಗಾರನ ಜೀವನಕ್ಕೆ ಅಗತ್ಯವಾದ ಉಳುಮೆಯ ಉಪಕರಣ, ದನ, ಬಿತ್ತನೆಯ ಧಾನ್ಯ ಇವನ್ನು ನ್ಯಾಯಾಲಯದ ಜಪ್ತಿಯಿಂದ ಹೊರಗಿಟ್ಟಿತು. ಎತ್ತನ್ನು ಕೊಂಡೊಯ್ದರೆ ಮುಂದಿನ ಬಾಕಿಯೂ ಹುಟ್ಟುವುದಿಲ್ಲವೆಂಬ ವಿವೇಕ ಅದರಲ್ಲಿದೆ.

ಸರ್ಕಾರ ತನ್ನನ್ನು ಹೊರಗಿಟ್ಟುಕೊಂಡ ಬಗೆ

ಇಪ್ಪತ್ತನೆಯ ಶತಮಾನದಲ್ಲಿ ಸರ್ಕಾರ ಕಂದಾಯದ ಒಡೆಯ ಮಾತ್ರವಾಗಿ ಉಳಿಯದೆ ಸಾಲ ಕೊಡುವ ಸಂಸ್ಥೆಯೂ ಆಯಿತು. ತಕಾವಿ ಸಾಲ, 1894ರಲ್ಲಿ ಶೇಷಾದ್ರಿ ಅಯ್ಯರ್ ಅವರು ಆರಂಭಿಸಿ ಬಾಕಿಯ ಭಾರದಿಂದ ಮುಗ್ಗರಿಸಿದ ವ್ಯವಸಾಯ ಬ್ಯಾಂಕುಗಳು, 1905ರ ಕಾನೂನಿನಿಂದ ಮೊದಲಾದ ಸಹಕಾರ ಸಂಘಗಳು, ಮುಂದೆ ರಾಷ್ಟ್ರೀಕೃತ ಬ್ಯಾಂಕುಗಳು - ಈ ಸರಣಿಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಪ್ರಕೃತ ವಿಷಯಕ್ಕೆ ಮುಖ್ಯವಾದುದು ಋಣಪರಿಹಾರದ ಶಾಸನಗಳ ಒಂದು ಸಮಾನ ಲಕ್ಷಣ. ದೇವರಾಜ ಅರಸು ಅವರ ಕಾಲದ 1976ರ ಕರ್ನಾಟಕ ಋಣಪರಿಹಾರ ಅಧಿನಿಯಮವು ಬಡ ಸಾಲಗಾರರನ್ನು ಖಾಸಗಿ ಲೇವಾದೇವಿಗಾರರ ಹಿಡಿತದಿಂದ ಬಿಡಿಸಿತು; ಒತ್ತೆಯ ಒಡವೆ ಪಾತ್ರೆಗಳು ಮನೆಗೆ ಹಿಂದಿರುಗಿದ ಆ ದಿನಗಳ ನೆನಪು ಹಳ್ಳಿಗಳಲ್ಲಿ ಬಹುಕಾಲ ಉಳಿದಿತ್ತು. ಆದರೆ ಸರ್ಕಾರ, ಬ್ಯಾಂಕು ಮತ್ತು ಸಹಕಾರ ಸಂಘಗಳಿಗೆ ಸಲ್ಲಬೇಕಾದ ಬಾಕಿಗಳಿಗೆ ಅದು ಅನ್ವಯಿಸಲಿಲ್ಲ. ನಾಲ್ಕು ದಶಕಗಳ ನಂತರದ 2018ರ ಋಣಪರಿಹಾರ ಶಾಸನವೂ ಇದೇ ಹಾದಿ ಹಿಡಿಯಿತು. ಸಾಹುಕಾರನ ಲೆಕ್ಕದ ಪುಸ್ತಕವನ್ನು ಸರ್ಕಾರ ಸಂಶಯದಿಂದ ನೋಡಿತು; ತನ್ನ ಲೆಕ್ಕದ ಪುಸ್ತಕವನ್ನು ಪ್ರಶ್ನಾತೀತವೆಂದು ಭಾವಿಸಿತು.

ಇದಕ್ಕೆ ಬಂದ ಅತ್ಯಂತ ದೊಡ್ಡ ಸವಾಲು 1980ರದು. ಮಲಪ್ರಭಾ ಅಚ್ಚುಕಟ್ಟಿನ ನರಗುಂದ-ನವಲಗುಂದಗಳಲ್ಲಿ ಅಭಿವೃದ್ಧಿ ಕರದ ವಸೂಲಿಯ ವಿರುದ್ಧ ರೈತರು ಎದ್ದರು. ಅಚ್ಚುಕಟ್ಟಿನ ನಕ್ಷೆಯೊಳಗೆ ಬಿದ್ದ ಭೂಮಿಯೆಲ್ಲಕ್ಕೂ ಕರ; ಕಾಲುವೆಯ ನೀರು ಹೊಲಕ್ಕೆ ತಲುಪಿತೇ, ತಲುಪಿ ಜೌಗು ಮಾಡಿತೇ ಎಂಬುದು ನಕ್ಷೆಗೆ ತಿಳಿಯದು. ಜುಲೈ ತಿಂಗಳಿನಲ್ಲಿ ಗೋಲಿಬಾರಾಯಿತು. ಆ ವರ್ಷವೇ ರೂಪುಗೊಂಡ ಕರ್ನಾಟಕ ರಾಜ್ಯ ರೈತ ಸಂಘದಲ್ಲಿ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಮೊದಲಾದವರು ಮುಂದಾಳುಗಳಾಗಿದ್ದರು. ಗ್ರಾಮದ ಅನುಮತಿಯಿಲ್ಲದೆ ಕರ ಅಥವಾ ಸಾಲದ ವಸೂಲಿಗೆ ಅಧಿಕಾರಿಗಳು ಪ್ರವೇಶಿಸಬಾರದೆಂಬ ಫಲಕಗಳು ಊರಿನ ಮುಂದೆ ನಿಂತವು. ಬೆಲೆನೀತಿಯ ಮೂಲಕ ರೈತನಿಂದ ಪಡೆದಿರುವುದನ್ನು ಲೆಕ್ಕ ಹಾಕಿದರೆ ಸರ್ಕಾರವೇ ರೈತನಿಗೆ ಬಾಕಿದಾರನೆಂಬುದು ಸಂಘದ ವಾದವಾಗಿತ್ತು. ಆ ಲೆಕ್ಕವನ್ನು ಎಲ್ಲರೂ ಒಪ್ಪಬೇಕೆಂದಿಲ್ಲ. ಆದರೆ ಊರ ಮುಂದಿನ ಆ ಫಲಕವನ್ನು ಕೇವಲ ಕಾನೂನುಭಂಗವೆಂದು ಓದಿದರೆ ಅದರ ಅರ್ಥ ಪೂರ್ತಿಯಾಗುವುದಿಲ್ಲ. ಮೇಲಿನವರು ನಿಲ್ಲಿಸಿದ್ದ ಜಮಾಬಂದಿಯನ್ನು ಕೆಳಗಿನವರು ತಾವೇ ಕರೆದಂತಾಗಿತ್ತು ಅದು.

ಶಾನುಭೋಗನಿಲ್ಲದ ಲೆಕ್ಕ

1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಅಧಿನಿಯಮ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗ, ಪಟೇಲರು ನಿರ್ಗಮಿಸಿದರು. ಅವರ ಸ್ಥಾನಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. ಇದು ಅಗತ್ಯವಾದ ಸುಧಾರಣೆ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯ ಮೂಲಕ ರಾಜ್ಯದ ಪಹಣಿಗಳೆಲ್ಲ ಗಣಕಯಂತ್ರಕ್ಕೆ ಸೇರಿ, ಒಂದೊಂದೇ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಹದಿನೈದು ರೂಪಾಯಿ ಕೊಟ್ಟು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿ ಪಡೆಯುವುದು ರೈತನಿಗೆ ನಿಜವಾದ ಬಿಡುಗಡೆಯಾಗಿ ಕಂಡಿತು. ಅದು ಬಿಡುಗಡೆಯೇ ಹೌದು. ಆದರೆ ಆಗ ಯಾರೂ ಅಷ್ಟಾಗಿ ಗಮನಿಸದ ಒಂದು ಬದಲಾವಣೆಯೂ ಜೊತೆಗೆ ನಡೆಯಿತು. ಮೂಲ ದಾಖಲೆ ಒಂದೇ ಆಯಿತು. ರೈತನ ಕೈಯಲ್ಲಿರುವುದು ಅದರ ಮುದ್ರಿತ ನಕಲು ಮಾತ್ರ. ಎರಡು ದಾಖಲೆಗಳು ಒಂದನ್ನೊಂದು ಎದುರಿಸುವ ಸಾಧ್ಯತೆ ಇಲ್ಲವಾಯಿತು.

ಇದರ ಪರಿಣಾಮ ಬೆಳಕಿಗೆ ಬಂದದ್ದು ದಾಖಲೆಗಳು ಒಂದಕ್ಕೊಂದು ಜೋಡಣೆಗೊಂಡ ಮೇಲೆ. 2018ರ ಜುಲೈನಲ್ಲಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಘೋಷಿಸಿದ ಸಾಲಮನ್ನಾದಲ್ಲಿ ವಾಣಿಜ್ಯ ಬ್ಯಾಂಕಿನ ಬೆಳೆಸಾಲಕ್ಕೆ 2 ಲಕ್ಷ, ಸಹಕಾರ ಸಂಘದ ಸಾಲಕ್ಕೆ 1 ಲಕ್ಷ ರೂಪಾಯಿಗಳ ಮಿತಿ ಇದ್ದಿತು. ಆಧಾರ್, ಪಡಿತರ ಚೀಟಿ ಮತ್ತು ಪಹಣಿಯ ಸರ್ವೆ ನಂಬರ್ ಮೂರನ್ನೂ ತಂತ್ರಾಂಶದಲ್ಲಿ ತಾಳೆ ನೋಡಿ ಅರ್ಹತೆಯನ್ನು ನಿರ್ಣಯಿಸಲಾಯಿತು. ಕುಟುಂಬವೆಂದರೆ ಪಡಿತರ ಚೀಟಿಯಲ್ಲಿರುವವರು. ಎರಡು ಬಾರಿ ಲಾಭ ಪಡೆಯುವುದನ್ನು ಇದು ತಡೆಯಿತೆಂಬುದು ನಿಜ. ಆದರೆ ಈ ನಾಲ್ಕು ತಾಲ್ಲೂಕುಗಳ ಸಂಸಾರಗಳ ರೀತಿಯನ್ನು ಬಲ್ಲವರಿಗೆ ತೊಡಕು ಎಲ್ಲಿದೆಯೆಂದು ಕೂಡಲೇ ಹೊಳೆಯುತ್ತದೆ. ಅಜ್ಜನ ಹೆಸರಿನಲ್ಲಿಯೇ ಉಳಿದ ಪಹಣಿ, ಬಾಯಿಮಾತಿನಲ್ಲಿ ಪಾಲಾದ ಅಣ್ಣತಮ್ಮಂದಿರ ಒಂದೇ ಚೀಟಿ, ತೆಲುಗಿನ ಹೆಸರನ್ನು ಒಂದು ದಾಖಲೆಯಲ್ಲಿ ಒಂದು ಬಗೆಯಾಗಿ ಮತ್ತೊಂದರಲ್ಲಿ ಇನ್ನೊಂದು ಬಗೆಯಾಗಿ ಬರೆದಿರುವುದು - ಶಾನುಭೋಗನಾದರೆ ಇವು ಒಬ್ಬನೇ ಮನುಷ್ಯನವೆಂದು ಗುರುತು ಹಿಡಿಯುತ್ತಿದ್ದನು, ಬೇಕಾದರೆ ಅದಕ್ಕೆ ಮಾಮೂಲು ಪಡೆದು. ಯಂತ್ರ ಮಾಮೂಲು ಕೇಳುವುದಿಲ್ಲ, ಗುರುತೂ ಹಿಡಿಯುವುದಿಲ್ಲ. 2019ರ ಜೂನ್ ತಿಂಗಳಿನಲ್ಲಿ ಯಾದಗಿರಿ ಜಿಲ್ಲೆಯ ರೈತರು, ಮನ್ನಾ ಆಗಿ ಖಾತೆಗೆ ಬಂದಿದ್ದ ಹಣ ಹಿಂದಕ್ಕೆ ಹೋಗಿದೆಯೆಂದು ದೂರಿದರು. ಬ್ಯಾಂಕುಗಳು ಒದಗಿಸಿದ ಮಾಹಿತಿಯಲ್ಲಿ ದೋಷವಿದ್ದಿತೆಂದು ಸರ್ಕಾರ ಸಮಜಾಯಿಷಿ ನೀಡಿತು. ದೋಷ ಯಾರದೇ ಆಗಿರಲಿ, ಹಣವನ್ನು ಹಿಂದೆಗೆಯುವ ಮುನ್ನ ಖಾತೆದಾರನನ್ನು ಕೇಳಬೇಕೆಂಬ ಮೆಟ್ಟಿಲು ಅಲ್ಲಿ ಕಾಣದು.

ಅನರ್ಹರಿಂದ ವಸೂಲಿ ಮಾಡಬೇಕೆಂಬ ಮಾತು ಇದಕ್ಕಿಂತ ಹಳೆಯದು. 2008ರ ಕೇಂದ್ರ ಸರ್ಕಾರದ ಸಾಲಮನ್ನಾವನ್ನು ಕುರಿತು ಮಹಾಲೇಖಪಾಲರ ವರದಿ 2013ರಲ್ಲಿ ಸಂಸತ್ತಿನ ಮುಂದೆ ಬಂದಿತು. ಪರಿಶೀಲಿಸಿದ ಖಾತೆಗಳಲ್ಲಿ, ಲಾಭ ಪಡೆದವರ ಪೈಕಿ ಶೇಕಡಾ 8.5ರಷ್ಟು ಮಂದಿ ಅನರ್ಹರೆಂದು ಕಂಡುಬಂದಿತು. ಲಾಭ ಪಡೆಯದವರ ಖಾತೆಗಳನ್ನು ಪ್ರತ್ಯೇಕವಾಗಿ ನೋಡಿದಾಗ ಅವರಲ್ಲಿ ಶೇಕಡಾ 13.46ರಷ್ಟು ಮಂದಿ ಅರ್ಹರಾಗಿದ್ದೂ ಬಿಟ್ಟುಹೋಗಿದ್ದರು. ಮೊದಲ ಅಂಕಿ ವಸೂಲಿಯ ಆದೇಶವಾಗಿ ಪರಿಣಮಿಸಿತು. ಎರಡನೆಯದನ್ನು ಕುರಿತು ಅಷ್ಟು ಗದ್ದಲವಾಗಲಿಲ್ಲ. ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ಯೋಜನೆಯಲ್ಲಿ ದೇಶಾದ್ಯಂತ 42 ಲಕ್ಷಕ್ಕೂ ಹೆಚ್ಚು ಅನರ್ಹರಿಗೆ ಸುಮಾರು 3,000 ಕೋಟಿ ರೂಪಾಯಿ ಸಂದಿದ್ದು ಅದನ್ನು ವಸೂಲು ಮಾಡಲಾಗುವುದೆಂದು 2021ರ ಜುಲೈನಲ್ಲಿ ಲೋಕಸಭೆಗೆ ತಿಳಿಸಲಾಯಿತು. ಇದರಲ್ಲಿ ಆದಾಯ ತೆರಿಗೆ ಕಟ್ಟುವವರೂ ಇದ್ದರು. ಅವರ ಬಗೆಗೆ ಮರುಕ ಬೇಕಿಲ್ಲ. ಆದರೆ ಸರ್ಕಾರದ ತಪ್ಪಿನಿಂದ ಹೆಚ್ಚಾಗಿ ಪಾವತಿಯಾದ ಹಣವನ್ನು ಮೂರನೆಯ ಮತ್ತು ನಾಲ್ಕನೆಯ ದರ್ಜೆಯ ನೌಕರರಿಂದಲೂ ನಿವೃತ್ತರಿಂದಲೂ ವಸೂಲು ಮಾಡಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2014ರ ಡಿಸೆಂಬರಿನಲ್ಲಿ ರಫೀಕ್ ಮಸೀಹ್ ಪ್ರಕರಣದಲ್ಲಿ ತೀರ್ಪು ನೀಡಿರುವುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಕಚೇರಿಯ ಜವಾನನಿಗೆ ದೊರೆತ ಈ ರಕ್ಷಣೆ, ಅದೇ ಕಚೇರಿಯ ಕಿಟಕಿಯ ಹೊರಗೆ ನಿಂತ ಬೇಸಾಯಗಾರನಿಗೆ ಇಷ್ಟು ಸ್ಪಷ್ಟವಾಗಿ ದೊರೆತಿಲ್ಲ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಪರಿಹಾರದ ಹಣ ಮರುವರ್ಷ ರೈತರ ಖಾತೆಗಳಿಗೆ ನೇರವಾಗಿ ಜಮೆಯಾಯಿತು. ಮೇ ತಿಂಗಳಿನ ಹೊತ್ತಿಗೆ ಹಲವು ಜಿಲ್ಲೆಗಳಿಂದ ಒಂದೇ ದೂರು ಕೇಳಿಬಂದಿತು: ಬಂದ ಪರಿಹಾರವನ್ನು ಬ್ಯಾಂಕುಗಳು ಹಳೆಯ ಸಾಲದ ಬಾಕಿಗೆ ಹೊಂದಿಸಿಕೊಳ್ಳುತ್ತಿವೆ. ಹಾಗೆ ಮಾಡಕೂಡದೆಂದು ಸರ್ಕಾರ ಜಿಲ್ಲಾಧಿಕಾರಿಗಳ ಮೂಲಕ ಬ್ಯಾಂಕುಗಳಿಗೆ ಸೂಚನೆ ಕೊಡಬೇಕಾಯಿತು. ಗ್ರಾಹಕನ ಹಣದ ಮೇಲೆ ಬ್ಯಾಂಕಿಗೆ ಹಕ್ಕು ಕೊಡುವ ಕಾನೂನಿನ ಆಧಾರ 1872ರ ಕರಾರು ಅಧಿನಿಯಮದಷ್ಟು ಹಳೆಯದು. ಆದರೆ ಅದನ್ನು ಚಲಾಯಿಸಲು ಹಿಂದೆ ಒಬ್ಬ ಮ್ಯಾನೇಜರು ಮನಸ್ಸು ಮಾಡಬೇಕಾಗಿತ್ತು. ಅವನ ಮೇಜಿನ ಮುಂದೆ ನಿಂತು ಕೇಳಿಕೊಳ್ಳಲು ಬರುತ್ತಿತ್ತು. ಹಣ ಬಿದ್ದ ಕ್ಷಣವೇ ಕಳೆಯುವ ವ್ಯವಸ್ಥೆಯಲ್ಲಿ ಆ ಮೇಜಿಲ್ಲ. ಬರಗಾಲದಲ್ಲಿ ಎತ್ತನ್ನು ಜಪ್ತಿಯಿಂದ ಕಾಪಾಡಿದ ಕಾನೂನು ಎತ್ತಿಗೆ ಮೇವು ತರಬೇಕಾದ ಹಣವನ್ನು ಕಾಪಾಡುವಷ್ಟು ದೂರ ಬರಲಿಲ್ಲ.

ಚಿಕ್ಕಬಳ್ಳಾಪುರ ಸೀಮೆಯ ಸಾಲದ ವಿಶೇಷವನ್ನು ಇಲ್ಲಿಯೇ ಹೇಳಬೇಕು. ಇಲ್ಲಿ ಸಾಲ ಬೆಳೆಯುವುದು ಬಹುಪಾಲು ನೆಲದೊಳಗೆ. ಕೆರೆಗಳು ಬತ್ತಿ, ಸಾವಿರ ಅಡಿಗೂ ಆಳಕ್ಕೆ ಇಳಿದ ಕೊಳವೆಬಾವಿಗಳು ಶಿಡ್ಲಘಟ್ಟದ ಹಿಪ್ಪುನೇರಳೆಗೂ ಚಿಂತಾಮಣಿಯ ಟೊಮ್ಯಾಟೊಗೂ ನೀರು ಕೊಟ್ಟವು. ಕೊಳವೆ ಒಣಗಿದ ದಿನ ಬೆಳೆಯೂ ಹೋಗಿ ಸಾಲ ಮಾತ್ರ ಉಳಿಯುತ್ತದೆ. ಪಹಣಿಯಲ್ಲಿ ಹೊಲ ಇದ್ದಂತೆಯೇ ಇರುತ್ತದೆ. ಈ ಜಿಲ್ಲೆಯ ಹೋರಾಟಗಾರರು 2016ರ ಮಾರ್ಚಿನಲ್ಲಿ ಟ್ರ್ಯಾಕ್ಟರುಗಳಲ್ಲಿ ಬೆಂಗಳೂರಿನ ಕಡೆಗೆ ಹೊರಟಾಗ ಅವರ ಬೇಡಿಕೆ ಸಾಲಮನ್ನಾ ಆಗಿರಲಿಲ್ಲ, ಶಾಶ್ವತ ನೀರಾವರಿಯಾಗಿತ್ತು. ಬಾಕಿಯ ಮೂಲ ಎಲ್ಲಿದೆಯೆಂಬುದನ್ನು ಅವರು ದತ್ತಾಂಶದ ನೆರವಿಲ್ಲದೆ ಬಲ್ಲರು. ಗ್ರಾಮ ಪಂಚಾಯಿತಿಯನ್ನು ಘಟಕವಾಗಿ ಹಿಡಿದು ಸರಾಸರಿ ಇಳುವರಿಯ ಮೇಲೆ ಪರಿಹಾರ ನೀಡುವ 2016ರ ಫಸಲ್ ಬಿಮಾ ಯೋಜನೆಗೂ ಒಬ್ಬನ ಒಣಗಿದ ಕೊಳವೆ ಕಾಣುವುದಿಲ್ಲ. ಬೌರಿಂಗರ ಸರ್ವೆಯ ಸರಾಸರಿ ಹೊಸ ಉಡುಪಿನಲ್ಲಿ ಮತ್ತೆ ಬಂದಿತು.

ಇಂಥದೇ ಸರಾಸರಿ ದೂರದ ದೇಶವೊಂದರಲ್ಲಿ ಮಾಡಿದ ಅನಾಹುತವನ್ನು ಇಲ್ಲಿ ಸ್ಮರಿಸಬಹುದು. ಆಸ್ಟ್ರೇಲಿಯಾದ ಸರ್ಕಾರ 2016ರಿಂದ ವ್ಯಾಪಕವಾಗಿ ನಡೆಸಿದ, ಜನರು ‘ರೋಬೋಡೆಟ್’ ಎಂದು ಕರೆದ ಯೋಜನೆಯಲ್ಲಿ, ತೆರಿಗೆ ಇಲಾಖೆಯಲ್ಲಿದ್ದ ವಾರ್ಷಿಕ ಆದಾಯವನ್ನು ಹದಿನೈದು ದಿನಗಳ ಸಮಭಾಗಗಳಾಗಿ ಹಂಚಿ, ಕಲ್ಯಾಣ ವೇತನ ಪಡೆದವರು ಹೆಚ್ಚು ಪಡೆದಿದ್ದಾರೆಂದು ಯಂತ್ರವೇ ಬಾಕಿ ಹೊರಿಸಿತು. ಆರು ತಿಂಗಳು ದುಡಿದು ಆರು ತಿಂಗಳು ಕೆಲಸವಿಲ್ಲದೆ ಕುಳಿತವನು ವರ್ಷವಿಡೀ ದುಡಿದವನಂತೆ ಕಂಡನು. ಬಾಕಿ ಇಲ್ಲವೆಂದು ಸಾಬೀತುಪಡಿಸುವ ಹೊಣೆ ಅವನದೇ ಆಯಿತು. 2019ರಲ್ಲಿ ನ್ಯಾಯಾಲಯದ ಮುಂದೆ ಯೋಜನೆ ನಿಲ್ಲಲಾರದೆ ಹೋಯಿತು. ಮರುವರ್ಷ ವಸೂಲು ಮಾಡಿದ ಹಣವನ್ನು ಹಿಂದಿರುಗಿಸಲು ಸರ್ಕಾರ ಒಪ್ಪಿತು. ಕ್ಯಾಥರೀನ್ ಹೋಮ್ಸ್ ಅವರ ನೇತೃತ್ವದ ವಿಚಾರಣಾ ಆಯೋಗ 2023ರ ಜುಲೈನಲ್ಲಿ ವರದಿ ನೀಡಿತು. ನೆದರ್ಲೆಂಡ್ಸಿನಲ್ಲಿ ಮಕ್ಕಳ ಪಾಲನಾ ಭತ್ಯವನ್ನು ತಪ್ಪಾಗಿ ವಸೂಲು ಮಾಡಿದ ಹಗರಣದಿಂದ 2021ರ ಜನವರಿಯಲ್ಲಿ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. ಮೈಸೂರಿನ ಷರತ್ತಿನ ಅಮಲ್ದಾರನ ಕಥೆಯನ್ನು ಬಲ್ಲವರಿಗೆ ಇದರಲ್ಲಿ ಅಪರಿಚಿತವಾದದ್ದು ಹೆಚ್ಚೇನೂ ಇಲ್ಲ.

ಉಳಿದ ಹೆಸರು

ಪಡಿತರ ಚೀಟಿಯ ಪ್ರಸಂಗದಲ್ಲಿ ಒಂದು ಭಿನ್ನ ಎಳೆ ಕಾಣುತ್ತದೆ. 2021ರ ಫೆಬ್ರವರಿಯಲ್ಲಿ ಆಗಿನ ಆಹಾರ ಸಚಿವ ಉಮೇಶ ಕತ್ತಿ ಅವರು ದೂರದರ್ಶನ, ಶೀತಕ, ದ್ವಿಚಕ್ರ ವಾಹನ ಇರುವವರು ಬಡತನರೇಖೆಯ ಚೀಟಿಯನ್ನು ಹಿಂದಿರುಗಿಸಬೇಕೆಂದು ಹೇಳಿ, ಪ್ರತಿಭಟನೆಯ ನಂತರ ಆ ಮಾತಿನಿಂದ ಹಿಂದೆ ಸರಿಯಬೇಕಾಯಿತು. 2024ರ ನವೆಂಬರಿನಲ್ಲಿ, ಶಿಡ್ಲಘಟ್ಟ ತಾಲ್ಲೂಕಿನವರೇ ಆದ ಕೆ.ಎಚ್. ಮುನಿಯಪ್ಪ ಅವರು ಆಹಾರ ಸಚಿವರಾಗಿದ್ದಾಗ, ದತ್ತಾಂಶ ತಾಳೆಯ ಆಧಾರದ ಮೇಲೆ ಚೀಟಿಗಳು ರದ್ದಾದುವು. ಪಡಿತರ ಅಂಗಡಿಯ ಮುಂದೆ ಬೆರಳೊತ್ತಿದಾಗಲೇ ಹಲವರಿಗೆ ವಿಷಯ ತಿಳಿದದ್ದು. ವಿರೋಧ ತೀವ್ರವಾಗಿ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿದಾರರನ್ನು ಬಿಟ್ಟು ಉಳಿದವರ ಚೀಟಿಗಳನ್ನು ಮರಳಿಸಬೇಕೆಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಕೆಲವೇ ದಿನಗಳಲ್ಲಿ ಸೂಚಿಸಿದರು. ಯಂತ್ರದ ಫೈಸಲನ್ನು ಸಾರ್ವಜನಿಕ ಚರ್ಚೆ ತಿದ್ದಬಲ್ಲುದೆಂಬುದಕ್ಕೆ ಇದು ನಿದರ್ಶನ. ಆದರೆ ತಿದ್ದುಪಡಿಯೂ ಬಂದದ್ದು ವರ್ಗಗಳ ಹೆಸರಿನಲ್ಲಿ. ಒಂದು ಮನೆಯ ಅಹವಾಲನ್ನು ಒಬ್ಬ ಅಧಿಕಾರಿ ಕೇಳಿ ಮಾಡಿದ ತೀರ್ಮಾನ ಅದಲ್ಲ.

ಜಮಾಬಂದಿ ಎಂಬ ಹೆಸರು ಮಾತ್ರ ಇನ್ನೂ ಉಳಿದಿದೆ. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಆಗಸ್ಟ್-ಸೆಪ್ಟೆಂಬರ್ ತಿಂಗಳುಗಳಲ್ಲಿ, ತಮ್ಮ ಲೆಕ್ಕವನ್ನು ಜನರ ಮುಂದಿಡುವ ಸಭೆಯನ್ನು ಆ ಹೆಸರಿನಿಂದಲೇ ಕರೆಯುತ್ತಾರೆ. ಪಂಚಾಯಿತಿಯ ಕಾಮಗಾರಿಗಳ ಲೆಕ್ಕವನ್ನು ಅಲ್ಲಿ ಓದುತ್ತಾರೆ, ರಸೀದಿಗಳನ್ನು ತೋರಿಸುತ್ತಾರೆ, ಚರಂಡಿಗೆ ಎಷ್ಟು ಖರ್ಚಾಯಿತೆಂದು ಊರವರು ಕೇಳುತ್ತಾರೆ. ಅದೇ ಊರಿನವರ ಖಾತೆಯಿಂದ ಕಳೆದ ಬರ ಪರಿಹಾರ, ಹಿಂದಕ್ಕೆ ಹೋದ ಮನ್ನಾ ಹಣ, ರದ್ದಾದ ಪಡಿತರ ಚೀಟಿ - ಇವುಗಳ ಪಟ್ಟಿಯನ್ನು ಆ ಸಭೆಯ ಮುಂದೆ ಓದುವ ಕ್ರಮವಿಲ್ಲ. ಆ ಲೆಕ್ಕಗಳು ಪಂಚಾಯಿತಿಯವಲ್ಲ, ಬೇರೆ ಬೇರೆ ಇಲಾಖೆಗಳವು, ಬ್ಯಾಂಕುಗಳವು. ಅವುಗಳನ್ನು ಇಟ್ಟುಕೊಂಡಿರುವ ಗಣಕಯಂತ್ರಗಳು ಬೆಂಗಳೂರಿನಲ್ಲಿಯೂ ಅದಕ್ಕೂ ದೂರದಲ್ಲಿಯೂ ಇವೆ.